ದಡದಲ್ಲಿ ಒಬ್ಬರು ನಿಂತಿರಬೇಕು

"ತಲೆ ಮುಂದೆ ಬರ್ಲಿ, ತಲೆ! ಏ ಒಬೆರಾ, ನಿಮ್ಮಪ್ಪನ್ನ ಹಿಂದ್‌ಹಿಂದಕ್ಕೆ ಮನೆಗೆ ನುಗ್ಗಿಸ್ತೀಯೇನೋ?"

ಪೆಟ್ಟಿಗೆ ಪಿಕಪ್ ಗಾಡಿಯಿಂದ ಅರ್ಧ ಹೊರಬಂದಿತ್ತು. ಒಬೆರಾ ಅದರ ಒಂದು ಮೂಲೆಯನ್ನು ಹೆಗಲಿಗೆ ಆನಿಸಿಕೊಂಡು ಉಸಿರು ಕಟ್ಟಿ ನಿಂತಿದ್ದ. ಕೂಗುತ್ತಿದ್ದವನು ಅವನ ಚಿಕ್ಕಪ್ಪ ನಿಕೊದೆಮೊ. ಅವನ ಕೈಯಲ್ಲಿ ಊರುಗೋಲು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಹೊತ್ತ ಆರು ಜನಕ್ಕಿಂತ ಅವನೇ ಹೆಚ್ಚು ಬೆವರಿದ್ದ.

"ಮೆಲ್ಲಗೆ ಮಾಮಾ, ಕಾಲ ಕೆಳಗೆ ನಾಯಿ ಇದೆ," ಎಂದ ಗಾಡಿಯ ಚಾಲಕ.

ನಾಯಿ ಇತ್ತು. ಮುದಿ ಹೆಣ್ಣುನಾಯಿ ವನನೆ. ಆ ಹೆಸರಿಗೆ 'ನೋಡಿಯೇಬಿಡೋಣ' ಎಂದರ್ಥ. ನಮ್ಮ ಕಡೆ ನಾಯಿಗೆ ಸುಮ್ಮನೆ ಹೆಸರಿಡುವುದಿಲ್ಲ. ನೆರೆಯವರ ಮುಖಕ್ಕೆ ಹೇಳಲಾಗದ ಮಾತನ್ನು ನಾಯಿಗೆ ಹೆಸರಾಗಿಟ್ಟು, ದಿನಕ್ಕೆ ನಾಲ್ಕು ಸಲ ಬೇಲಿಯ ಬಳಿ ನಿಂತು ಕೂಗುತ್ತಾರೆ. ವನನೆ ಪೆಟ್ಟಿಗೆಯ ನೆರಳು ಸರಿದತ್ತ ತಾನೂ ಸರಿಯುತ್ತ, ಅಂಗಳದ ನಡುವೆ ಬೆಂಚಿನ ಮೇಲೆ ಅದನ್ನು ಇಳಿಸಿದಾಗ ಬೆಂಚಿನ ಅಡಿಗೆ ತೂರಿ ಮಲಗಿತು. ಓಡಿಸಲು ಹೋದವರನ್ನು ಒಬೆರಾನ ತಾಯಿ ರಿಸ್ಪಾ ತಡೆದಳು.

"ಇರ್ಲಿ ಬಿಡಿ. ನಿಮಗಿಂತ ಹೆಚ್ಚು ದಿನ ಅವನ ಜೊತೆ ಕಳೆದಿರೋದು ಅದೇ."

ಗಾಡಿಯ ಕನ್ನಡಿಗೆ ಕಟ್ಟಿದ್ದ ಕೆಂಪು ಬಟ್ಟೆ ದೂಳು ಹಿಡಿದು ನೇತಾಡುತ್ತಿತ್ತು. ಆಸ್ಪತ್ರೆಯಿಂದ ಹೆಣ ತರಲು ಬೆಳಕು ಹರಿಯುವ ಮೊದಲು ಊರಿನಿಂದ ಹೊರಡುವಾಗ ಚಾಲಕ ಹಟ ಹಿಡಿದಿದ್ದ: ಹೆಣದ ಗಾಡಿಗೆ ಕೆಂಪು ಬಟ್ಟೆ ಬೇಕೇಬೇಕು, ಇಲ್ಲದಿದ್ದರೆ ದಾರಿಯಲ್ಲಿ ಯಾವ ಲಾರಿಯೂ ಪಕ್ಕಕ್ಕೆ ಸರಿಯುವುದಿಲ್ಲ. ಆ ಕತ್ತಲಲ್ಲಿ ಕೆಂಪು ಬಟ್ಟೆ ಎಲ್ಲಿಂದ ತರುವುದು? ದೋಣಿ ನಿಲ್ಲುವ ಸರೋವರದ ದಡದಲ್ಲಿ ಅಪ್ಪ ನೆಟ್ಟ ಗಳ ನೆನಪಾಯಿತು. ತುದಿಯಲ್ಲಿ ಅವನ ಹಳೆಯ ಕೆಂಪು ಬಟ್ಟೆ ಹಾರಾಡುತ್ತಿತ್ತು. ಮೂರು ವಾರ ಆಸ್ಪತ್ರೆಯಲ್ಲೇ ಕಳೆದ ಒಬೆರಾ, ಅದು ಯಾವಾಗಿನಿಂದ ಅಲ್ಲಿದೆ, ಯಾರು ಕಟ್ಟಿದ್ದು ಎಂದು ಯೋಚಿಸಲಿಲ್ಲ. ಬಿಚ್ಚಿಕೊಂಡು ಬಂದ. ಅಪ್ಪನ ಬಟ್ಟೆ ಅಪ್ಪನ ಗಾಡಿಗೆ, ಸರಿಯಾಯಿತು ಎಂದೂ ಅಂದುಕೊಂಡ. ಕತ್ತಲಲ್ಲಿ ನೀರು ಯಾವ ಬಣ್ಣಕ್ಕಿದೆ ಎಂದು ಕಾಣುವಂತಿರಲಿಲ್ಲ.

ಬೇಲಿಯಾಚೆಯಿಂದ ಪ್ರತಿ ಬೆಳಗಿನಂತೆ ಇಂದೂ ಆ ಕೂಗು ಬಂತು.

"ಮರೆಗುಳೀ! ಏ ಮರೆಗುಳೀ! ಎಲ್ಲಿ ಹಾಳಾಗ್ ಹೋದ್ಯೋ?"

ದೊರ್ಸಿಲಾ ತನ್ನ ನಾಯಿಯನ್ನು ಕರೆಯುತ್ತಿದ್ದಳು. ಒಬೆರಾನ ಕತ್ತು ತಾನಾಗಿಯೇ ತಗ್ಗಿತು. ಮೂವತ್ತೊಂದು ವರ್ಷದಿಂದ ಅದು ಹಾಗೆಯೇ ತಗ್ಗುತ್ತಿತ್ತು.

*

ಆಗ ಒಬೆರಾನಿಗೆ ಆರೋ ಏಳೋ ವರ್ಷ. ಅಪ್ಪ ಜಕಾಯೊ ಮಳೆನೀರಿನ ತೊಟ್ಟಿಯ ಪಕ್ಕ ಕೂತು ಒಂದು ನಾಯಿಯನ್ನು ತೊಳೆಯುತ್ತಿದ್ದ. ಹೊಟ್ಟೆಯ ಕೂದಲು, ಕಾಲ್ಬೆರಳ ಸಂದು, ಬಾಲದ ಬುಡ. ಕಿವಿಯೊಳಗಿನ ತೇವವನ್ನು ಬೆರಳಿಗೆ ಬಟ್ಟೆ ಸುತ್ತಿ ಒರೆಸುತ್ತಿದ್ದ.

"ಅಷ್ಟು ದೊಡ್ಡ ನೀರಲ್ಲಿ ಆಡಿ ಬಂದಿದೆ. ಮತ್ತೆ ಯಾಕಪ್ಪಾ ತೊಳಿಯೋದು?"

"ಆ ನೀರು ಬಿಡ್ಬೇಕಲ್ಲ ಮಗಾ, ಅದಕ್ಕೆ."

ಆಮೇಲೆ ಅಪ್ಪ ತನ್ನ ತಾಯಿ ಹೇಳಿದ ಕತೆ ಹೇಳಿದ. ಹಿಂದೆ ಸರೋವರಕ್ಕೆ ಮಾತು ಬರುತ್ತಿತ್ತಂತೆ. ಯಾರೇ ಕಾಲಿಟ್ಟರೂ, 'ಯಾವಾಗ ವಾಪಸ್ ಹೋಗ್ತೀ?' ಎಂದು ಕೇಳುತ್ತಿತ್ತಂತೆ. ಮನುಷ್ಯ 'ಸಂಜೆಗೆ' ಅಂದ. ಹಸು 'ಹೊಟ್ಟೆ ತುಂಬಿದ ಮೇಲೆ' ಅಂದಿತು. ಕೊಕ್ಕರೆ 'ಒಂದು ಮೀನು ಸಿಕ್ಕಿದರೆ ಸಾಕು' ಅಂದಿತು. ನಾಯಿಯನ್ನು ಕೇಳಿದರೆ ಅದು ಬಾಲ ಅಲ್ಲಾಡಿಸಿತು, ಅಷ್ಟೆ. ಸರೋವರ ಮತ್ತೆ ಕೇಳಿತು, ನಾಯಿ ಮತ್ತೆ ಬಾಲ ಅಲ್ಲಾಡಿಸಿತು. ಉತ್ತರ ಸಿಗದ ಸರೋವರಕ್ಕೆ ನಾಯಿಯನ್ನು ಯಾವಾಗ ವಾಪಸ್ ಕೊಡಬೇಕೆಂದು ಇವತ್ತಿಗೂ ಗೊತ್ತಿಲ್ಲ.

"ಮತ್ತೆ?"

"ಮತ್ತೇನು? ದಡದಲ್ಲಿ ಒಬ್ಬರು ನಿಂತಿರಬೇಕು. ನಾಯಿಯ ಪರವಾಗಿ 'ಸಾಕು' ಅಂತ ಹೇಳೋಕೆ."

ಜಕಾಯೊ ಊರಿನ ಕಣ್ಣಿಗೆ ಬಲೆ ಹೆಣೆಯುವವನು. ಹರಿದ ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ದಿನವಿಡೀ ದಡದಲ್ಲಿ ಕೂತಿರುತ್ತಿದ್ದ. ಹಾಗೆ ಕೂತೇ ನಾಯಿಗಳನ್ನು ನೋಡುತ್ತಿದ್ದ. ಕೋಲು ಎಸೆದು ಆಡಿಸುವ ಹುಡುಗರಿಗೆ ಹತ್ತು ಎಸೆತದ ಮೇಲೆ ನಿಲ್ಲಿಸಲು ಹೇಳುತ್ತಿದ್ದ. ನಾಯಿಗೆ ಸಾಕೆನ್ನಲು ಬಾರದು, ನೀರು ಕುಡಿಕುಡಿದೇ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಮರಳಲ್ಲಿ ಬಿದ್ದ ಗಾಳದ ಮುಳ್ಳುಗಳನ್ನು ಆರಿಸಿ ಡಬ್ಬಿಗೆ ಹಾಕುತ್ತಿದ್ದ. ಜೊಂಡಿನ ಕಡೆ ಮೊಸಳೆ ಬರುತ್ತದೆಂದು ಅತ್ತ ಹೋದ ನಾಯಿಗೆ ಸಿಳ್ಳೆ ಹಾಕುತ್ತಿದ್ದ. ಗಾಳಿ ನಿಂತು, ಬಿಸಿಲು ಕಾದು, ಪಾಚಿ ದಡಕ್ಕೆ ಬಂದು ನೀರು ಹಸಿರು ಅಂಬಲಿಯಂತೆ ಗಟ್ಟಿಯಾದ ದಿನಗಳಲ್ಲಿ ಗಳದ ತುದಿಗೆ ಕೆಂಪು ಬಟ್ಟೆ ಏರುತ್ತಿತ್ತು. ಆ ದಿನ ಯಾವ ನಾಯಿಯೂ ನೀರಿಗಿಳಿಯಬಾರದು. ಇಳಿದರೆ, ಮೈ ನೆಕ್ಕಿಕೊಳ್ಳುವ ಮೊದಲು ತೊಳೆಯಬೇಕು; ಆ ಪಾಚಿ ವಿಷ.

*

"ಬಾಡಿ ಹೊಲಿದಿದ್ದ ಕಣ್ರೇ, ಬಾಡಿ! ನಾಯಿಗೆ!"

ಟಾರ್ಪಾಲಿನ ನೆರಳಿನಲ್ಲಿ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅಳು ಮುಗಿದು ಚಹಾ ಬಂದಿತ್ತು. ಹೇಳುತ್ತಿದ್ದವಳು ಮೀನು ಒಣಗಿಸುವ ಅಪೊಂಡಿ.

"ಈ ವನನೆಗೆ ಒಂದು ಕಾಲು ಸೊಟ್ಟ ಅಲ್ವಾ, ಈಜೋಕೆ ಬರ್ತಿರ್ಲಿಲ್ಲ. ಬಲೆಗೆ ಕಟ್ಟೋ ಬೆಂಡು ತಗೊಂಡು ಎದೆಗೆ ಎರಡು, ಬೆನ್ನಿಗೆ ಎರಡು ಸೇರಿಸಿ ಹೊಲಿದ. ನನ್ನ ಗಂಡ ಅಂದ, 'ಜಕಾಯೊ, ನಿನ್ನ ಹೆಂಡ್ತಿಗೂ ಒಂದು ಹೊಲ್ಕೊಡಪ್ಪ' ಅಂತ. ಏನಂದ ಗೊತ್ತಾ? 'ಅವಳಿಗೆ ಈಜು ಬರುತ್ತೆ' ಅಂದ!"

"ನೀರಿಗೂ ಅಷ್ಟೆ," ಎಂದಳು ಇನ್ನೊಬ್ಬಳು. "ಕುಡಿಯೋ ಮಳೆನೀರನ್ನ ನಾಯಿ ಮೈಮೇಲೆ ಸುರೀತಿದ್ದ. ಹುಚ್ಚಲ್ವಾ?"

"ಹುಚ್ಚೇ. ಆದ್ರೆ ಯಾರಿಗೂ ಕಚ್ಚದ ಹುಚ್ಚು."

ಗಂಡಸರು ಹೋರಿಗಳನ್ನು ಹೊಡೆದುಕೊಂಡು ಬರತೊಡಗಿದರು. ದೊಡ್ಡ ವಯಸ್ಸಿನವನು ಸತ್ತರೆ ಬುರು ನಡೆಯಬೇಕು: ಹೋರಿಗಳ ಜೊತೆ, ಈಟಿ ಕೋಲುಗಳ ಜೊತೆ, ಕೂಗುತ್ತ ಹಾಡುತ್ತ ಓಡಿ ಸಾವನ್ನು ಊರಗಡಿಯಾಚೆ ಅಟ್ಟಬೇಕು. ಈ ಊರಿಗೆ ಗಡಿ ಎಂದರೆ ಸರೋವರವೇ. ದಡಕ್ಕೆ ಹೋಗಿ, ಸಾವಿಗೆ ತಾಗಲೆಂದು ನೀರಿಗೆ ಕೋಲು ಎಸೆದು ಬರುತ್ತಾರೆ. ಊರಿನ ನಾಯಿಗಳಿಗೆ ಅದೇ ಹಬ್ಬ. ಬೀಗರ ಕಡೆಯಿಂದ ಹೋರಿಯ ಜೊತೆ ಒಂದು ಕಂದು ನಾಯಿಯೂ ಬಂದಿತ್ತು. ಹೊಸ ಜಾಗವೆಂಬ ಹೆದರಿಕೆಯಿಲ್ಲದೆ ಅದು ಎಲ್ಲಕ್ಕಿಂತ ಮುಂದೆ ಓಡಿತು.

ಯಾವ ಬುರುವಿನಲ್ಲೂ ಜಕಾಯೊ ಈಟಿ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಹೇಡಿ ಎಂದು ಕೆಲವರು ಆಡಿಕೊಂಡದ್ದುಂಟು. ನೀರು ಹಸಿರಾದ ದಿನ ಬುರು ಬಂದರೆ ಅವನು ಅರ್ಧ ದಾರಿಯಲ್ಲೇ ನಾಯಿಗಳನ್ನು ಹಗ್ಗಕ್ಕೆ ಹಾಕಿ ಮರಕ್ಕೆ ಕಟ್ಟಿ, ಗದ್ದಲ ಮುಗಿಯುವವರೆಗೆ ಅವುಗಳ ಜೊತೆ ಕೂತಿರುತ್ತಿದ್ದ. ಕೂಗಾಟದ ದೂಳಿನಲ್ಲಿ ಅದನ್ನು ಯಾರು ನೋಡುತ್ತಾರೆ?

ಹಾಡು ದೂರವಾಯಿತು. ಧ್ವನಿವರ್ಧಕ ಹಿಡಿದ ಪಾದ್ರಿ, "ಈಗ ನೆರೆಯವರು," ಎಂದ. ದೊರ್ಸಿಲಾ ಎದ್ದಳು.

*

ಒಬೆರಾ ಮತ್ತವನ ಓರಗೆಯ, ಹದಿಮೂರು ವರ್ಷದ ಹುಡುಗರಿಗೆ ಚೆಂಡು ಬೇಕಿತ್ತು. ಪ್ಲಾಸ್ಟಿಕ್ ಚೀಲಗಳನ್ನು ಉಂಡೆ ಕಟ್ಟಿದ್ದರು, ಮೇಲೆ ಸುತ್ತಲು ಗಟ್ಟಿ ಬಟ್ಟೆ ಇರಲಿಲ್ಲ.

"ನಿಮ್ಮಪ್ಪನ ಬಾವುಟ ಇದ್ಯಲ್ಲೋ! ನಾಯಿ ಸರ್ಕಾರದ ಬಾವುಟ!"

ಎಲ್ಲರೂ ನಕ್ಕರು. ಒಬೆರಾನ ಮುಖ ಕೆಂಪೇರಿತು. ಅವನೇ ಗಳ ಹತ್ತಿ ಬಟ್ಟೆಯನ್ನು ಕಿತ್ತ. ಅಪ್ಪ ಅಂದು ಬಲೆಯ ದಾರ ತರಲು ಪೇಟೆಗೆ ಹೋಗಿದ್ದ. ಕೆಂಪು ಚೆಂಡು ಚೆನ್ನಾಗಿ ಪುಟಿಯಿತು. ಪುಟಿದು ನೀರಿಗೆ ಬಿತ್ತು. ದೊರ್ಸಿಲಾಳ ಬಿಳಿ ನಾಯಿ ಹಾರಿ, ಹಸಿರನ್ನು ಸೀಳಿಕೊಂಡು ಹೋಗಿ ತಂದುಕೊಟ್ಟಿತು. ಹುಡುಗರು ಚಪ್ಪಾಳೆ ತಟ್ಟಿದರು. ಒಬೆರಾ ಮತ್ತೆ ಎಸೆದ. ಈ ಸಲ ಬೇಕೆಂದೇ ನೀರಿಗೆ. ಮತ್ತೊಮ್ಮೆ. ಬಿಳಿ ನಾಯಿ ಹಸಿರು ನಾಯಿಯಾಗಿ ದಡದಲ್ಲಿ ಕೂತು ಖುಷಿಯಿಂದ ಮೈ ನೆಕ್ಕಿಕೊಂಡಿತು.

ಸ್ವಲ್ಪ ಹೊತ್ತಿನಲ್ಲಿ ಅದರ ಹಿಂಗಾಲು ನಡುಗಿದವು. ಜಕಾಯೊ ಪೇಟೆಯಿಂದ ಬಂದಾಗ ಅದು ಮರಳಲ್ಲಿ ಮಲಗಿ ಕಾಲು ಬಡಿಯುತ್ತಿತ್ತು, ಆಮೇಲೆ ಬಡಿಯಲಿಲ್ಲ. ಉಳಿದ ಹುಡುಗರು ಓಡಿಹೋಗಿದ್ದರು. ಅಪ್ಪ ನಾಯಿಯನ್ನು ನೋಡಿದ. ಪಕ್ಕದಲ್ಲಿದ್ದ ಕೆಂಪು ಚೆಂಡನ್ನು ನೋಡಿದ. ಬರಿ ಗಳವನ್ನು ನೋಡಿದ. ಮಗನ ತೋಳು ಹಿಡಿದು ಮನೆಗೆ ಕರೆತಂದು, ತೊಟ್ಟಿಯ ಪಕ್ಕ ನಿಲ್ಲಿಸಿ, ಮೊದಲು ಅವನ ಕೈ ತೊಳೆದ. ಆಮೇಲೆ ಕಾಲು. ಬೆರಳ ಸಂದುಗಳನ್ನೂ ಬಿಡಲಿಲ್ಲ.

"ಬಾಯಿಗೆ ಹೋಯ್ತಾ?"

ಒಬೆರಾ ಇಲ್ಲವೆಂದು ತಲೆಯಾಡಿಸಿದ. ಅಪ್ಪ ಕೇಳಿದ್ದು ಅದೊಂದೇ.

ಆಮೇಲೆ ಅವನು ಸತ್ತ ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ದೊರ್ಸಿಲಾಳ ಅಂಗಳಕ್ಕೆ ಹೋದ. ಕಳ್ಳಿಬೇಲಿಯ ಈಚೆಯಿಂದ ಒಬೆರಾನಿಗೆ ಅಪ್ಪನ ಮಾತು ಕೇಳಿಸಿತು.

"ಬಟ್ಟೆ ಕಟ್ಟೋದು ಮರೆತೆ ತಂಗೀ. ನನ್ನ ತಪ್ಪು."

ಅವತ್ತು ರಾತ್ರಿ ಅಪ್ಪ ಚೆಂಡಿನ ದಾರ ಬಿಚ್ಚಿ, ಬಟ್ಟೆಯನ್ನು ಒಗೆದು ಒಣಹಾಕಿದ. ಬೆಳಿಗ್ಗೆ ಅದು ಗಳದ ಮೇಲಿತ್ತು. ವಾರದ ಮೇಲೆ ದೊರ್ಸಿಲಾ ಹೊಸ ಮರಿ ತಂದಳು. ಮೊದಲ ಸಂಜೆಯೇ ಬೇಲಿಗೆ ಬಂದು ಗಂಟಲು ತೆರೆದು ಅದರ ಹೊಸ ಹೆಸರನ್ನು ಕರೆದಳು. ಬಲೆ ಹೆಣೆಯುತ್ತಿದ್ದ ಅಪ್ಪನ ಕೈ ಒಂದು ಗಳಿಗೆ ನಿಂತು, ಮತ್ತೆ ಹೆಣೆಯತೊಡಗಿತು.

*

"ಸತ್ತೋನ ಬಗ್ಗೆ ಸುಳ್ಳು ಹೇಳೋಕೆ ನನಗೆ ಬರಲ್ಲ," ಎಂದಳು ದೊರ್ಸಿಲಾ ಧ್ವನಿವರ್ಧಕಕ್ಕೆ. "ಒಳ್ಳೇ ನೆರೆಯವನು. ನನ್ನ ಸೂರು ಹಾರಿದಾಗ ಕಟ್ಟಿಕೊಟ್ಟ. ಆದ್ರೆ ನನ್ನ ಬಿಳಿ ನಾಯಿ ಸತ್ತಿದ್ದು ಅವನ ಮರೆವಿಂದ. ಒಂದೇ ಒಂದು ಕೆಲಸ ಇತ್ತು, ಒಂದು ಬಟ್ಟೆ ಕಟ್ಟೋದು, ಅದನ್ನೂ ಮರೆತ. ಅವನೇ ಒಪ್ಕೊಂಡ. ಅದಕ್ಕೇ ಹೆಸರಿಟ್ಟೆ. ಒಂದಲ್ಲ, ಮೂರು ನಾಯಿಗೆ ಅದೇ ಹೆಸರು. ಮೂವತ್ತೊಂದು ವರ್ಷ ಕೂಗಿದೀನಿ, ಒಂದು ದಿನ ತಿರುಗಿ ಬೈಲಿಲ್ಲ ಪುಣ್ಯಾತ್ಮ. ಹೋಗು ಜಕಾಯೊ. ಅಲ್ಲಾದ್ರೂ ನೆನಪಿಟ್ಕೋ."

ಜನ ಮೆತ್ತಗೆ ನಕ್ಕರು. ಒಳ್ಳೆಯ ಮಾತಿಗೆ ನಗುವಂತೆಯೇ. ಪಾದ್ರಿ ಧ್ವನಿವರ್ಧಕವನ್ನು ಹಿರಿಯ ಮಗನ ಕೈಗಿತ್ತ.

ಒಬೆರಾನ ಜೇಬಿನಲ್ಲಿ ಬರೆದಿಟ್ಟ ಕಾಗದವಿತ್ತು: ಹುಟ್ಟಿದ ವರ್ಷ, ಮದುವೆ, ಮಕ್ಕಳು, ಕಾಯಿಲೆ. ಅದನ್ನು ತೆಗೆಯಲಿಲ್ಲ. ತಾಯಿಯ ಕಡೆ ನೋಡಿದ. ಅವಳು ಇವನನ್ನೇ ನೋಡುತ್ತಿದ್ದಳು.

"ನಮ್ಮಪ್ಪ..." ಎಂದ. ತನ್ನ ದನಿ ಟಾರ್ಪಾಲಿಗೆ ಬಡಿದು ಮರಳಿದ್ದು ಕೇಳಿಸಿತು. "ನಮ್ಮಪ್ಪ ಮರೆಗುಳಿ..."

ಆಸ್ಪತ್ರೆಯ ಕೊನೆಯ ದಿನ ನೆನಪಾಯಿತು. ಅಪ್ಪ ಕಣ್ಣು ತೆರೆದು, 'ಗಾಳಿ ಎತ್ತ ಕಡೆಯಿಂದ?' ಎಂದು ಕೇಳಿದ್ದ. 'ಇಲ್ಲಿ ಗಾಳಿ ಇಲ್ಲಪ್ಪ, ಆಸ್ಪತ್ರೆ ಇದು, ಮಲ್ಕೋ,' ಎಂದಿದ್ದ ಇವನು. ಜ್ವರದ ಮಾತು ಎಂದುಕೊಂಡಿದ್ದ.

ಟಾರ್ಪಾಲಿನ ಅಂಚು ಏಳತೊಡಗಿತು. ಸರೋವರದ ಕಡೆಯಿಂದ ಬೆಚ್ಚನೆ ಗಾಳಿ ಬಂತು. ಅದರ ಜೊತೆ ಕೊಳೆತ ಸೊಪ್ಪಿನ ವಾಸನೆ. ಒಬೆರಾನ ಮೂಗಿಗೆ ಅದು ಮೂವತ್ತೊಂದು ವರ್ಷದ ಗುರುತು. ಅವನ ಕಣ್ಣು ತಾನಾಗಿ ಹೋಗಿ ಗಾಡಿಯ ಕನ್ನಡಿಯ ಕೆಂಪು ಬಟ್ಟೆಯಲ್ಲಿ ಸಿಕ್ಕಿಕೊಂಡಿತು.

"ಅವ್ವಾ, ಆ ಬಟ್ಟೆ... ನೀನು ಕಟ್ಟಿದ್ದಾ?"

"ಭಾನುವಾರ ಕಟ್ದೆ, ನೀರು ಹಸಿರಾಗಿತ್ತು. ನಿಮ್ಮಪ್ಪ ಇರ್ಲಿಲ್ವಲ್ಲ," ಎಂದಳು ರಿಸ್ಪಾ. ಆಮೇಲೆ ಅವಳೂ ಕನ್ನಡಿಯ ಕಡೆ ತಿರುಗಿದಳು. "ಅಯ್ಯೋ, ಓಡೋ!"

ಧ್ವನಿವರ್ಧಕ ಬಿದ್ದು ಕಿರುಚಿತು. ಒಬೆರಾ ಸೂಟು ಬೂಟಿನಲ್ಲೇ ಇಳಿಜಾರಿಗೆ ಓಡಿದ.

ದಡದಲ್ಲಿ ಗಂಡಸರು ಕುಣಿಯುತ್ತ ಸಾವಿಗೆ ಕೋಲು ಎಸೆಯುತ್ತಿದ್ದರು. ನಾಯಿಗಳು ಹಸಿರು ಅಂಬಲಿಯೊಳಗೆ ಹಾರಿ ಆ ಕೋಲುಗಳನ್ನು ಒಂದೊಂದಾಗಿ ಕಚ್ಚಿ ವಾಪಸ್ ತರುತ್ತಿದ್ದವು. ಜನ ಕೇಕೆ ಹಾಕಿ ಮತ್ತೆ ಎಸೆಯುತ್ತಿದ್ದರು. ಕಂದು ನಾಯಿ ಮೊಣಕಾಲುದ್ದ ನೀರಲ್ಲಿ ನಿಂತು ಬಾಯಾರಿಕೆಗೆ ಲೊಚಲೊಚ ಕುಡಿಯುತ್ತಿತ್ತು.

"ಸಾಕು! ಎಸೀಬೇಡ್ರೋ! ಸಾಕು!"

ಕೂಗಾಟದಲ್ಲಿ ಅದೂ ಒಂದು ಕೂಗಾಯಿತು. ನಾಯಿಗಳನ್ನು ಹೆಸರು ಹಿಡಿದೇ ಕರೆಯಬೇಕು. ಎಲ್ಲಕ್ಕಿಂತ ದೂರದಲ್ಲಿ, ಬಾಯಲ್ಲಿ ಉದ್ದನೆಯ ಕೋಲು ಹಿಡಿದು, ದೊರ್ಸಿಲಾಳ ನಾಯಿ ಈಜುತ್ತಿತ್ತು. ಬೇಲಿಯ ಈಚೆಯವರು ಯಾರೂ ಆ ಹೆಸರನ್ನು ಬಾಯಲ್ಲಿ ತಂದಿರಲಿಲ್ಲ. ಒಬೆರಾ ಕೈಗಳನ್ನು ಬಾಯಿಯ ಸುತ್ತ ಹಿಡಿದು ಗಂಟಲು ಹರಿಯುವಂತೆ ಕೂಗಿದ.

"ಮರೆಗುಳೀ! ಮರೆಗುಳೀ! ಬಾರೋ!"

ಅದು ತಿರುಗಿತು.

"ನೆಕ್ಕೋಕೆ ಬಿಡ್ಬೇಡಿ! ಮೂತಿ ಕಟ್ಟಿ, ಬೆಲ್ಟು ಬಿಚ್ರೋ!" ಅವನು ತನ್ನ ಟೈ ಕಿತ್ತು ಅದರ ಮೂತಿಗೆ ಸುತ್ತಿ, ಎತ್ತಿ ಎದೆಗವಚಿಕೊಂಡ. ಈಟಿ ಹಿಡಿದಿದ್ದ ಗಂಡಸರು ಏನೂ ತಿಳಿಯದೆ ಒಂದೊಂದು ನಾಯಿಯನ್ನು ಹೊತ್ತುಕೊಂಡು ಹಿಂದೆ ಓಡಿದರು. ಸಾವನ್ನು ಅಟ್ಟಲು ಹೋದವರು ಹಾಗೆ ಮರಳಿದ್ದನ್ನು ಊರು ಹಿಂದೆ ಎಂದೂ ಕಂಡಿರಲಿಲ್ಲ.

ತೊಟ್ಟಿಯ ಮುಂದೆ ಅಡುಗೆಯ ಹೆಂಗಸರು ಅಡ್ಡ ನಿಂತರು. "ಇನ್ನೂರು ಜನಕ್ಕೆ ಉಗಾಲಿ ಮುದ್ದೆ ಬೇಯ್ಬೇಕು ಕಣಪ್ಪಾ, ಇರೋದೇ ಇಷ್ಟು ನೀರು!"

"ಕೊಡ್ರೇ," ಎಂದಳು ರಿಸ್ಪಾ. ಗಂಡನ ಪೆಟ್ಟಿಗೆಯ ಪಕ್ಕದಿಂದ ಎದ್ದು ಬಂದು ಕೊಡ ಹಿಡಿದಿದ್ದಳು. "ಇದು ಅವನು ಹಿಡಿದಿಟ್ಟ ನೀರು. ಯಾಕೆ ಹಿಡಿದಿದ್ದ ಅಂತ ನಿಮಗೆ ಗೊತ್ತಿಲ್ವಾ?"

ಒಬೆರಾ ಕೆಸರಿನಲ್ಲಿ ಕೂತು ತೊಳೆದ. ಹೊಟ್ಟೆಯ ಕೂದಲು, ಬೆರಳ ಸಂದು, ಬಾಲದ ಬುಡ. ಕೈಗೆ ಅದು ಹೇಗೆ ಬಂತೋ. ದೊರ್ಸಿಲಾ ಎದುರಿಗೆ ಮಂಡಿಯೂರಿ ತನ್ನ ನಾಯಿಯ ತಲೆ ಹಿಡಿದಿದ್ದಳು.

"ಬಟ್ಟೆ ಯಾಕೋ ಕಟ್ಟಿಲ್ಲ ಇವತ್ತು?"

"ನಾನು ಬಿಚ್ಚಿದೆ. ಗಾಡಿಗೆ ಕಟ್ಟೋಕೆ." ನೀರು ಸುರಿದ. "ಅವತ್ತೂ ನಾನೇ ಬಿಚ್ಚಿದ್ದು ಅತ್ತೆ. ಚೆಂಡಿಗೆ. ಅಪ್ಪ ಮರೆತಿರ್ಲಿಲ್ಲ. ಅವನಿಗೆ ಗೊತ್ತಿತ್ತು."

ನಾಯಿಯ ಕಿವಿಯಿಂದ ಹಸಿರು ನೀರು ಇಳಿದು ದೊರ್ಸಿಲಾಳ ಮೊಣಕೈ ತನಕ ಹರಿಯಿತು.

"ದಿನಕ್ಕೆ ನಾಲ್ಕು ಸಲ," ಎಂದಳು. "ದಿನಕ್ಕೆ ನಾಲ್ಕು ಸಲ ಕೂಗ್ತಿದ್ನಲ್ಲೋ. ನೀನು ಕೇಳಿಸ್ಕೊಂಡು ಕೂತಿದ್ಯಾ?"

ಒಬೆರಾ ಇನ್ನೊಂದು ಕೊಡ ಎತ್ತಿದ.

*

ಹೂಳುವುದು ಮೂರು ಗಂಟೆ ತಡವಾಯಿತು. ಜಕಾಯೊನನ್ನು ಮನೆಯ ಬಲಗಡೆ ಇಳಿಸಿದರು. ಮಗ ಕೆಸರು ಮೆತ್ತಿದ ಸೂಟಿನಲ್ಲೇ ಮೊದಲ ಹಿಡಿ ಮಣ್ಣು ಹಾಕಿದ. ಜನ ಅರೆಹೊಟ್ಟೆಯಲ್ಲಿ ಊಟ ಮುಗಿಸಿದರು. ನೀರು ಸಾಲದೆ ಉಗಾಲಿ ಗಂಟುಗಂಟಾಗಿತ್ತು. ಯಾರೂ ಅದರ ಬಗ್ಗೆ ಆಡಿಕೊಳ್ಳಲಿಲ್ಲ. ಏಳು ನಾಯಿಗಳನ್ನು ತೊಳೆದಿದ್ದರು. ಆರು ಉಳಿದವು. ಬೀಗರ ಕಂದು ನಾಯಿ ತೊಟ್ಟಿಯ ಕಟ್ಟೆಯ ಪಕ್ಕ ನಡುಗಿ ನಡುಗಿ ಸುಮ್ಮನಾಯಿತು. ಅದರ ಹೆಸರೇನೆಂದು ಒಬೆರಾ ಕೇಳುತ್ತ ಹೋದ. ಅದನ್ನು ಬಲ್ಲವರು ಆಗಲೇ ಹೋರಿಯ ಜೊತೆ ಹೊರಟುಹೋಗಿದ್ದರು.

ಬಿಸಿಲು ಇಳಿಯುವಾಗ ಅವನು ಕಳ್ಳಿಬೇಲಿಯ ಬುಡದಲ್ಲಿ ಅದಕ್ಕೊಂದು ಗುಂಡಿ ತೋಡುತ್ತಿದ್ದ. ಕೆಳಗೆ ದಡದ ಗಳದ ಮೇಲೆ, ರಿಸ್ಪಾ ಯಾರ ಕೈಗೂ ಕೊಡದೆ ತಾನೇ ಹೋಗಿ ಕಟ್ಟಿಬಂದ ಕೆಂಪು ಬಟ್ಟೆ ಬೀಸುತ್ತಿತ್ತು.

ಬೇಲಿಯಾಚೆ ಹೆಜ್ಜೆಯ ಸದ್ದಾಯಿತು. ದೊರ್ಸಿಲಾ ಬಂದಳು. ಕೈಯಲ್ಲಿ ಮೀನಿನ ತಲೆ ಹಾಕಿದ ತಗಡಿನ ತಟ್ಟೆ. ದಿನವೂ ನಿಲ್ಲುವ ಜಾಗದಲ್ಲೇ ನಿಂತಳು. ಬೇಲಿಯ ಈಚೆ, ಜಕಾಯೊನ ಹೊಸ ಮಣ್ಣಿನ ದಿಬ್ಬಕ್ಕೆ ಒತ್ತಿಕೊಂಡು ವನನೆಯ ಪಕ್ಕ ಮಲಗಿದ್ದ ಅವಳ ನಾಯಿ ತಲೆಯೆತ್ತಿತು.

ಅವಳು ಉಸಿರೆಳೆದು ಬಾಯಿ ತೆರೆದಳು. ಹಾಗೇ ನಿಂತಳು. ಒಬೆರಾನ ಗುದ್ದಲಿಯೂ ನಿಂತಿತು.

ಬಾಯಿ ಮುಚ್ಚಿಕೊಂಡು, ಚಮಚದಿಂದ ತಟ್ಟೆಯ ಅಂಚಿಗೆ ಬಡಿದಳು. ಒಂದು ಸಲ. ಸ್ವಲ್ಪ ಬಿಟ್ಟು ಇನ್ನೊಂದು ಸಲ.

ನಾಯಿ ಏಳಲಿಲ್ಲ. ತಲೆ ಓರೆ ಮಾಡಿ, ಒದ್ದೆ ಕಿವಿಗಳನ್ನು ನಿಮಿರಿಸಿ, ಹೆಸರಿಗಾಗಿ ಕಾಯುತ್ತ ಅವಳನ್ನೇ ನೋಡುತ್ತಿತ್ತು.